ಬೋಸ್ನಿಯಾಕ್ಕೆ ಆಯುಧ ಕೊಡಬೇಕಿತ್ತೇ? ಶಸ್ತ್ರ ನಿರ್ಬಂಧದ ಮುಂದಿದ್ದ ಐದು ದಾರಿಗಳ ಹೋಲಿಕೆ

ಮುತ್ತಿಗೆಗೆ ಸಿಕ್ಕ ದೇಶದ ಮೇಲೆ ಶಸ್ತ್ರಾಸ್ತ್ರ ನಿರ್ಬಂಧವೂ ಇದ್ದರೆ ಅದನ್ನು ತೆಗೆಯಬೇಕೇ, ಉಳಿಸಬೇಕೇ? ಕೆಲವು ವರ್ಷಗಳಿಗೊಮ್ಮೆ ಈ ಚರ್ಚೆ ಹೊಸ ಹೆಸರಿನಲ್ಲಿ ಮರಳಿ ಬರುತ್ತದೆ. 2013ರ ಮೇ ತಿಂಗಳಲ್ಲಿ ಸಿರಿಯಾದ ಬಂಡುಕೋರರಿಗೆ ಆಯುಧ ಕೊಡಲು ಅಡ್ಡಿಯಾಗಿದ್ದ ನಿರ್ಬಂಧವನ್ನು ತೆಗೆಯಲೇಬೇಕೆಂದು ಐರೋಪ್ಯ ಒಕ್ಕೂಟದಲ್ಲಿ ಪಟ್ಟು ಹಿಡಿದವು ಬ್ರಿಟನ್ ಮತ್ತು ಫ್ರಾನ್ಸ್. ಅದಕ್ಕೆ ಇಪ್ಪತ್ತು ವರ್ಷ ಮೊದಲು ಬೋಸ್ನಿಯಾದ ವಿಷಯದಲ್ಲಿ ಇದೇ ಎರಡು ದೇಶಗಳು ತದ್ವಿರುದ್ಧ ವಾದ ಹೂಡಿದ್ದವು. ತತ್ತ್ವದ ಮಾತು ಕೇಳಿಬಂದಾಗಲೆಲ್ಲ ಆ ಮಾತಾಡುವವರ ಸೈನಿಕರು ಎಲ್ಲಿ ನಿಂತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೋಲಿಕೆಗೆ ಬೋಸ್ನಿಯಾವನ್ನೇ ಆರಿಸಿಕೊಳ್ಳಲು ಕಾರಣವಿದೆ. ಯುಗೊಸ್ಲಾವಿಯ ಎಂಬ ಗಣರಾಜ್ಯಗಳ ಒಕ್ಕೂಟ ಒಡೆದಾಗ ಸ್ವತಂತ್ರವಾದ ದೇಶ ಅದು. ಮುಸ್ಲಿಮರು, ಸರ್ಬರು, ಕ್ರೊಯಾಟರು ಅಲ್ಲಿನ ಮೂರು ಮುಖ್ಯ ಸಮುದಾಯಗಳು. ಆ ಸ್ವಾತಂತ್ರ್ಯವನ್ನು ಒಪ್ಪದ ಸರ್ಬ್ ಪಡೆಗಳು ರಾಜಧಾನಿ ಸರಾಯೆವೊವನ್ನೂ ಪೂರ್ವದ ಕೆಲವು ಊರುಗಳನ್ನೂ ಮುತ್ತಿದ್ದವು. 1992ರಿಂದ 1995ರವರೆಗೆ ಅಲ್ಲಿ ಊಹಿಸಬಹುದಾದ ಪ್ರತಿಯೊಂದು ದಾರಿಯನ್ನೂ ಯಾರೋ ಒಬ್ಬರು ಮೇಜಿನ ಮೇಲಿಟ್ಟರು. ಕೆಲವನ್ನು ಹಿಡಿದು ನೋಡಿದರು, ಕೆಲವನ್ನು ಹೆದರಿ ಹಿಂದಕ್ಕೆ ತೆಗೆದುಕೊಂಡರು. ಫಲಿತಾಂಶಗಳೆಲ್ಲ ದಾಖಲಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ ಚರ್ಚಾಕೂಟದಲ್ಲಿ ಒಂದು ಪಕ್ಷ ವಹಿಸಬೇಕಾದವರಿಗೂ ಇದಕ್ಕಿಂತ ಪೂರ್ಣವಾದ ಉದಾಹರಣೆ ಸಿಗುವುದು ಕಷ್ಟ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. "ತೆಗೆಯಬೇಕೇ, ಬೇಡವೇ" ಎಂಬುದು ಅರ್ಧ ಪ್ರಶ್ನೆ. ನಿರ್ಬಂಧ ಹೇರಿದವರು ಆ ದೇಶದ ಪರವಾಗಿ ತಾವೇ ಕಾದಲು ತಯಾರಿದ್ದಾರೆಯೇ ಎಂಬುದು ಉಳಿದರ್ಧ. ತಯಾರಿದ್ದರೆ ನಿರ್ಬಂಧವನ್ನು ಸಮರ್ಥಿಸಬಹುದು. ತಯಾರಿಲ್ಲದಿದ್ದರೆ ಅದನ್ನು ಉಳಿಸಿಕೊಳ್ಳುವ ಹಕ್ಕು ಅವರಿಗಿಲ್ಲ.

ನಿರ್ಬಂಧ ಬಂದ ಬಗೆ

1991ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 713ನೇ ನಿರ್ಣಯವನ್ನು ಅವಿರೋಧವಾಗಿ ಅಂಗೀಕರಿಸಿತು. ಯುಗೊಸ್ಲಾವಿಯಕ್ಕೆ ಯಾವ ಆಯುಧವನ್ನೂ ಯಾರೂ ಮಾರಬಾರದು, ಸಾಗಿಸಬಾರದು. ಆಗ ಭಾರತ ಮಂಡಳಿಯ ಚುನಾಯಿತ ಸದಸ್ಯ, ಆದ್ದರಿಂದ ಅದರ ಮತವೂ ಈ ನಿರ್ಣಯದ ಪರವಾಗಿ ಬಿದ್ದಿತ್ತು. ಮುಖ್ಯ ಸಂಗತಿ ಬೇರೆಯೇ ಇದೆ: ನಿರ್ಬಂಧಕ್ಕೆ ಯುಗೊಸ್ಲಾವ್ ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಒಂದು ದೇಶದ ಆಂತರಿಕ ವ್ಯವಹಾರದಲ್ಲಿ ಕೈಹಾಕುತ್ತಿದ್ದೇವೆಂಬ ಅಳುಕು ಅನೇಕ ಸದಸ್ಯರಿಗಿತ್ತು, ಆ ಒಪ್ಪಿಗೆ ಅವರ ಅಳುಕನ್ನು ಕಳೆಯಿತು. ಯುರೋಪಿನ ದೊಡ್ಡ ಸೇನೆಗಳಲ್ಲೊಂದು ಯಾರ ಕೈಯಲ್ಲಿತ್ತೋ ಅವರೇ ಹೊರಗಿನಿಂದ ಆಯುಧ ಬರುವುದು ಬೇಡ ಎಂದರೆ ಅದರ ಲಾಭ ಯಾರಿಗೆ ಎಂದು ಕೇಳಬೇಕಿತ್ತು.

ಆಗ ಬೋಸ್ನಿಯಾ ಇನ್ನೂ ಸ್ವತಂತ್ರ ದೇಶವಾಗಿರಲಿಲ್ಲ. 1992ರ ಏಪ್ರಿಲ್ ಮೊದಲ ವಾರದಲ್ಲಿ ಐರೋಪ್ಯ ಸಮುದಾಯವೂ ಅಮೆರಿಕವೂ ಅದಕ್ಕೆ ಮಾನ್ಯತೆ ಕೊಟ್ಟವು, ಮೇ 22ರಂದು ಅದು ವಿಶ್ವಸಂಸ್ಥೆಯ ಸದಸ್ಯನಾಯಿತು. ಒಡೆದುಹೋದ ದೇಶದ ಮೇಲಿದ್ದ ನಿರ್ಬಂಧ ಮಾತ್ರ ಹೊಸ ದೇಶದ ಹೆಗಲಿಗೂ ಹಾಗೆಯೇ ಬಂತು. ಮದ್ದುಗುಂಡುಗಳ ಪಾಲು ಬರಲಿಲ್ಲ. ಗಣರಾಜ್ಯಗಳ ಪ್ರಾದೇಶಿಕ ರಕ್ಷಣಾ ಪಡೆಯ ಆಯುಧಗಳನ್ನು ಯುಗೊಸ್ಲಾವ್ ಜನಸೇನೆ ಅದಕ್ಕೂ ಮೊದಲೇ ತನ್ನ ಉಗ್ರಾಣಗಳಿಗೆ ಸೇರಿಸಿಕೊಂಡಿತ್ತು. ಮೇ 12ರಂದು ಬೋಸ್ನಿಯಾದ ಸರ್ಬ್ ನಾಯಕರ ಸಭೆ ರಾತ್ಕೊ ಮ್ಲಾದಿಚ್‌ನನ್ನು ತಮ್ಮ ಸೇನೆಯ ದಂಡನಾಯಕನನ್ನಾಗಿ ನೇಮಿಸಿತು. ಅದೇ ತಿಂಗಳು ಜನಸೇನೆ ತಾನು ಬೋಸ್ನಿಯಾದಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ಘೋಷಿಸಿತು. ಹಿಂದೆ ಸರಿದದ್ದು ಹೆಸರು ಮತ್ತು ಒಂದಿಷ್ಟು ಅಧಿಕಾರಿಗಳು. ಬೋಸ್ನಿಯಾದಲ್ಲೇ ಹುಟ್ಟಿದ ಸರ್ಬ್ ಸೈನಿಕರು, ಅವರ ಟ್ಯಾಂಕುಗಳು, ಫಿರಂಗಿಗಳು ಎಲ್ಲವೂ ಅಲ್ಲೇ ಉಳಿದು ಮ್ಲಾದಿಚ್‌ನ ಕೈಸೇರಿದವು. ಆಗಿನ ಅಂದಾಜುಗಳ ಪ್ರಕಾರ ಅವನ ಬಳಿ 300ರ ಆಸುಪಾಸು ಟ್ಯಾಂಕುಗಳಿದ್ದವು. ಸರಾಯೆವೊ ಸರ್ಕಾರದ ಟ್ಯಾಂಕುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು.

ಅಳೆಯಲು ಮೂರು ಪ್ರಶ್ನೆಗಳು

ದಾರಿಗಳನ್ನು ಹೋಲಿಸುವ ಮುನ್ನ ಅಳತೆಗೋಲು ಬೇಕು. ನ್ಯಾಯ, ನೀತಿ, ಸಾರ್ವಭೌಮತ್ವ ಎಂದು ಶುರು ಮಾಡಿದರೆ ಎರಡೂ ಪಕ್ಷದವರು ಸಂಜೆಯವರೆಗೂ ಸಲೀಸಾಗಿ ಮಾತಾಡಬಲ್ಲರು. ನಾನು ಕೇಳುವ ಪ್ರಶ್ನೆಗಳು ಒರಟಾಗಿವೆ. ಉಗ್ರಾಣ ಈಗಾಗಲೇ ಯಾರ ಕೈಯಲ್ಲಿದೆ? ಹೊಸ ಆಯುಧ ಬರಬೇಕಾದ ರಸ್ತೆ ಯಾರ ಕೈಯಲ್ಲಿದೆ? ಆಯುಧ ಬಂದು, ಅದನ್ನು ಬಳಸಲು ಕಲಿಯುವವರೆಗಿನ ತಿಂಗಳುಗಳಲ್ಲಿ ಜನರನ್ನು ಕಾಯುವವರು ಯಾರು?

ಮೊದಲನೆಯದಕ್ಕೆ ಉತ್ತರ ಮೇಲೆಯೇ ಇದೆ. ಎರಡನೆಯದಕ್ಕೆ ಭೂಪಟ ತೆರೆಯಬೇಕು. ಬೋಸ್ನಿಯಾಕ್ಕೆ ಇರುವ ಕಡಲತೀರ ನೆಯುಮ್ ಎಂಬ ಊರಿನ ಬಳಿ ಸುಮಾರು 20 ಕಿಲೋಮೀಟರ್ ಮಾತ್ರ, ಅದೂ ಆಗ ಕ್ರೊಯಾಟರ ಹಿಡಿತದಲ್ಲಿತ್ತು. ಪೂರ್ವಕ್ಕೆ ಸರ್ಬಿಯಾ ಮತ್ತು ಮಾಂಟೆನೆಗ್ರೊ, ಮಿಕ್ಕ ಸುತ್ತೆಲ್ಲ ಕ್ರೊಯೇಷಿಯಾ. ಸರಾಯೆವೊದ ವಿಮಾನ ನಿಲ್ದಾಣ 1992ರ ಜೂನ್ ಕೊನೆಯಿಂದ ವಿಶ್ವಸಂಸ್ಥೆಯ ವಶದಲ್ಲಿತ್ತು, ಅಲ್ಲಿಗೆ ಅಕ್ಕಿ-ಔಷಧ ಬರಬಹುದಿತ್ತೇ ವಿನಾ ಗುಂಡು ಬರುವಂತಿರಲಿಲ್ಲ. ಅಂದರೆ ನ್ಯೂಯಾರ್ಕಿನಲ್ಲಿ ಏನೇ ಸಹಿ ಬಿದ್ದರೂ ಕೊನೆಯ ಮಾತು ಕ್ರೊಯೇಷಿಯಾದ ಅಧ್ಯಕ್ಷ ಫ್ರಾನ್ಯೊ ತುಜ್ಮಾನ್ ಅವರದು. ನಿರ್ಬಂಧ ತೆಗೆಯಿರಿ ಎಂದು ದೂರದ ರಾಜಧಾನಿಗಳಲ್ಲಿ ಭಾಷಣ ಮಾಡಿದ ಹಲವರು ಈ ಭೂಪಟ ನೋಡಿದಂತೆ ಕಾಣುವುದಿಲ್ಲ.

ಮೊದಲ ದಾರಿ: ಇದ್ದಂತೆ ಇರಲಿ

ಇದು ಬ್ರಿಟನ್, ಫ್ರಾನ್ಸ್, ರಷ್ಯಾಗಳ ಹಾದಿ. ಬ್ರಿಟನ್ನಿನ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್, ನಿರ್ಬಂಧ ತೆಗೆದರೆ ಎರಡೂ ಕಡೆಯವರಿಗೆ ಸಮತಟ್ಟಾದ ಕೊಲೆಯ ಬಯಲೊಂದು ಸಿಗುತ್ತದೆ ಅಷ್ಟೆ ಎಂದರು. ಹೆಚ್ಚು ಆಯುಧ, ಹೆಚ್ಚು ಹೆಣ ಎಂಬ ತರ್ಕ. ಮಾತು ಚುರುಕಾಗಿದೆ, ಆದರೆ ಬಯಲು ಓರೆಯಾಗಿದ್ದಾಗ ಕೊಲೆ ನಿಂತಿರಲಿಲ್ಲ, ಒಂದೇ ಕಡೆಗೆ ಹರಿಯುತ್ತಿತ್ತು. 1992ರ ಮೊದಲ ಕೆಲವೇ ತಿಂಗಳಲ್ಲಿ, ಅಂದರೆ ಒಂದು ಕಡೆ ಆಯುಧ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇದ್ದಾಗಲೇ, ಪೂರ್ವ ಗಡಿಯ ದ್ರಿನಾ ನದಿಯ ಕಣಿವೆಯ ಊರುಗಳಿಂದ ಮುಸ್ಲಿಮರನ್ನು ಓಡಿಸುವ, ಕೊಲ್ಲುವ ಕೆಲಸದ ಬಹುಪಾಲು ಮುಗಿದಿತ್ತು.

ಈ ಪಕ್ಷದಲ್ಲಿ ಗಟ್ಟಿಯಾದ ವಾದವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಬ್ರಿಟನ್, ಫ್ರಾನ್ಸ್‌ಗಳ ಸೈನಿಕರು ವಿಶ್ವಸಂಸ್ಥೆಯ ನೀಲಿ ಶಿರಸ್ತ್ರಾಣ ತೊಟ್ಟು ನೆಲದ ಮೇಲಿದ್ದರು. ಅವರ ಕಾವಲಿನಲ್ಲಿ ಆಹಾರದ ಲಾರಿಗಳು ಓಡುತ್ತಿದ್ದವು. 1992ರ ಜುಲೈಯಿಂದ 1996ರ ಜನವರಿಯವರೆಗೆ ಸರಾಯೆವೊಗೆ ವಿಮಾನದಲ್ಲಿ ಸಾಮಗ್ರಿ ಸಾಗಿತು, ಅಷ್ಟು ದೀರ್ಘ ಕಾಲದ ಮಾನವೀಯ ವಾಯುಸೇತು ಅದಕ್ಕೂ ಮೊದಲು ಇರಲಿಲ್ಲ. ನಿರ್ಬಂಧ ತೆಗೆದ ದಿನವೇ ಈ ಸೈನಿಕರು ಒಂದು ಪಕ್ಷದವರೆನಿಸಿಕೊಳ್ಳುತ್ತಾರೆ, ಹೊರಡಬೇಕಾಗುತ್ತದೆ, ಅವರ ಜೊತೆ ಅನ್ನವೂ ಹೊರಡುತ್ತದೆ. ಇದು ನಿಜವಾದ ಭಯ. ಸರಾಯೆವೊದವರಿಗೂ ಇದೇ ಭಯವಿತ್ತು: 1994ರ ಸೆಪ್ಟೆಂಬರಿನಲ್ಲಿ ಬೋಸ್ನಿಯಾದ ಅಧ್ಯಕ್ಷ ಅಲಿಯಾ ಇಜೆತ್‌ಬೆಗೊವಿಚ್ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನಿಂತು, ನಿರ್ಬಂಧ ತೆಗೆಯುವುದನ್ನು ಆರು ತಿಂಗಳು ಮುಂದೂಡಿದರೂ ಒಪ್ಪುತ್ತೇವೆ ಎಂದರು. ಅಷ್ಟು ದಿನ ಅದಕ್ಕಾಗಿಯೇ ಗಂಟಲು ಹರಿದುಕೊಂಡಿದ್ದ ನಾಯಕ ಚಳಿಗಾಲದ ಹೊಸ್ತಿಲಲ್ಲಿ ಹಾಗೆ ಹೇಳಿದರೆಂದರೆ ಲೆಕ್ಕ ಎಷ್ಟು ಬಿಕ್ಕಟ್ಟಿನದಾಗಿತ್ತು ಎಂಬುದು ತಿಳಿಯುತ್ತದೆ.

ಆದರೆ ಆ ಶಾಂತಿಪಡೆ ಬಂದದ್ದೇ ಬೇರೆ ಕೆಲಸಕ್ಕೆ ಎಂಬುದನ್ನು ಮರೆಯಬಾರದು. ಅದರ ಮೊದಲ ದಂಡನಾಯಕ ಭಾರತದವರು, ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದಿಂದ ಬಂದವರು. 1992ರ ಮಾರ್ಚಿನಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಕ್ರೊಯೇಷಿಯಾದ ಕದನವಿರಾಮ ಕಾಯುವುದು. ಸರಾಯೆವೊ ಶಾಂತವಾಗಿದೆ, ಎರಡೂ ಕಡೆಯವರಿಗೆ ಒಪ್ಪಿಗೆಯಾದೀತು ಎಂದು ಕಚೇರಿಯನ್ನು ಅಲ್ಲಿ ತೆರೆದರು. ಕೆಲವೇ ವಾರಗಳಲ್ಲಿ ಯುದ್ಧ ಕಚೇರಿಯ ಬಾಗಿಲಿಗೇ ಬಂತು, ಮೇ ತಿಂಗಳಲ್ಲಿ ಬಹುತೇಕ ಸಿಬ್ಬಂದಿ ಊರು ಬಿಡಬೇಕಾಯಿತು. ಕಾಯಲು ಶಾಂತಿಯೇ ಇಲ್ಲದ ಕಡೆ ಶಾಂತಿಪಾಲಕರನ್ನು ನಿಲ್ಲಿಸಿ, ಆಮೇಲೆ ಅವರ ಸುರಕ್ಷತೆಯನ್ನೇ ನಿರ್ಬಂಧಕ್ಕೆ ಕಾರಣವಾಗಿ ತೋರಿಸಿದ್ದು ಈ ದಾರಿಯ ವಿಚಿತ್ರ.

ಎರಡನೆಯದು: ತೆಗೆದುಬಿಡಿ

ಕಾನೂನಿನ ಆಧಾರ ನೇರವಾಗಿದೆ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ದಾಳಿಗೊಳಗಾದ ಸದಸ್ಯ ದೇಶದ ಆತ್ಮರಕ್ಷಣೆಯ ಹಕ್ಕನ್ನು ಸಹಜ ಹಕ್ಕು ಎನ್ನುತ್ತದೆ. 1993ರ ಮಾರ್ಚಿನಲ್ಲಿ ಬೋಸ್ನಿಯಾ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದಾಗ ಈ ವಾದವನ್ನೂ ಮುಂದಿಟ್ಟಿತ್ತು. ನ್ಯಾಯಾಲಯ ನಿರ್ಬಂಧವನ್ನು ಮುಟ್ಟಲಿಲ್ಲ.

ಭದ್ರತಾ ಮಂಡಳಿಯಲ್ಲಿ ಇದು ಮತಕ್ಕೆ ಬಂದದ್ದು 1993ರ ಜೂನ್ 29ರಂದು. ಪರವಾಗಿ ಆರು ಮತ: ಅಮೆರಿಕ, ಪಾಕಿಸ್ತಾನ, ಮೊರಾಕೊ, ಜಿಬೂಟಿ, ಕೇಪ್ ವರ್ಡ್, ವೆನೆಜುವೆಲಾ. ವಿರುದ್ಧ ಸೊನ್ನೆ. ಮಿಕ್ಕ ಒಂಬತ್ತು ದೇಶಗಳು ತಟಸ್ಥ. ಅಂಗೀಕಾರಕ್ಕೆ ಒಂಬತ್ತು ಮತ ಬೇಕಿತ್ತು, ನಿರ್ಣಯ ಬಿತ್ತು. ಆ ಎಣಿಕೆಯನ್ನು ಇನ್ನೊಮ್ಮೆ ಓದಿ. ಕೈಯೆತ್ತಿ "ಬೇಡ" ಎನ್ನುವ ಹೊಣೆಯನ್ನು ಯಾವ ದೇಶವೂ ಹೊರಲಿಲ್ಲ, ಯಾರೂ ವಿಟೊ ಚಲಾಯಿಸಬೇಕಾಗಿಯೂ ಬರಲಿಲ್ಲ. ಮುಖ್ಯ ನಿರ್ಧಾರವೊಂದು ಮೌನದಲ್ಲೇ ಆಗಿಹೋಯಿತು.

ಒಂದು ವೇಳೆ ಅಂಗೀಕಾರವಾಗಿದ್ದರೆ? ಇಲ್ಲಿ ನಾನು ನಿರ್ಬಂಧ ವಿರೋಧಿಗಳ ಜೊತೆಗೂ ಜಗಳ ತೆಗೆಯಬೇಕು. ಆ ಬೇಸಿಗೆಯಲ್ಲಿ ಬೋಸ್ನಿಯಾದ ಸರ್ಕಾರಿ ಪಡೆಗಳೂ ಬೋಸ್ನಿಯಾದ ಕ್ರೊಯಾಟರೂ ಪರಸ್ಪರ ಕಾದುತ್ತಿದ್ದರು. ಮೊಸ್ತಾರ್ ನಗರ ಇಬ್ಭಾಗವಾಗಿತ್ತು, ನವೆಂಬರಿನಲ್ಲಿ ಅದರ ಹಳೆಯ ಕಲ್ಲುಸೇತುವೆಯನ್ನು ಕ್ರೊಯಾಟ್ ಫಿರಂಗಿಗಳು ಉರುಳಿಸಿದವು. ವಿಟೆಜ್‌ನ ಸ್ಫೋಟಕ ಕಾರ್ಖಾನೆಯೂ ಕ್ರೊಯಾಟರ ಕೈಯಲ್ಲಿತ್ತು. ರಸ್ತೆ ಸಂಪೂರ್ಣ ಬಂದ್. ನ್ಯೂಯಾರ್ಕಿನಲ್ಲಿ ನಿರ್ಬಂಧ ತೆಗೆದಿದ್ದರೂ ಒಂದು ಫಿರಂಗಿಯೂ ಸರಾಯೆವೊ ತಲುಪುತ್ತಿರಲಿಲ್ಲ. ಮ್ಲಾದಿಚ್ ಮಾತ್ರ ಆಯುಧ ಬರುವ ಮುನ್ನವೇ ಪೂರ್ವದ ಮುತ್ತಿಗೆಯ ಊರುಗಳನ್ನು ಮುಗಿಸಿಬಿಡೋಣ ಎಂದು ಹೊರಟಿರುತ್ತಿದ್ದ. ಬರೀ ನಿರ್ಬಂಧ ತೆಗೆಯುವುದಕ್ಕೆ ಸರಿಯಾದ ಕಾಲ ಒಂದೇ ಇತ್ತು: 1992ರ ಮೇ ತಿಂಗಳು, ಸದಸ್ಯತ್ವ ಕೊಟ್ಟ ವಾರ. ಆಗ ಕ್ರೊಯಾಟರು ಇನ್ನೂ ಮಿತ್ರರಾಗಿದ್ದರು.

ಮೂರನೆಯದು: ತೆಗೆಯಿರಿ, ಜೊತೆಗೆ ಆಕಾಶದಿಂದ ಹೊಡೆಯಿರಿ

ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಸರ್ಕಾರದ ಮೆಚ್ಚಿನ ಯೋಜನೆ. ಆಯುಧ ಬರುವವರೆಗಿನ ತಿಂಗಳುಗಳಲ್ಲಿ ನೇಟೊ ವಿಮಾನಗಳು ಸರ್ಬ್ ಫಿರಂಗಿಗಳನ್ನು ತಡೆಹಿಡಿಯುತ್ತವೆ ಎಂಬ ಲೆಕ್ಕ. ಮೂರನೆಯ ಪ್ರಶ್ನೆಗೆ ಉತ್ತರವಿರುವ ಮೊದಲ ದಾರಿ ಇದು, ಹಾಗಾಗಿ ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೊಕ್ಕ. 1993ರ ಮೇ ತಿಂಗಳಲ್ಲಿ ವಿದೇಶಾಂಗ ಸಚಿವ ವಾರೆನ್ ಕ್ರಿಸ್ಟೋಫರ್ ಇದನ್ನು ಹೊತ್ತು ಯುರೋಪಿನ ರಾಜಧಾನಿಗಳನ್ನು ಸುತ್ತಿ, ಬರಿಗೈಯಲ್ಲಿ ಮರಳಿದರು. ನೆಲದ ಮೇಲೆ ನಮ್ಮ ಹುಡುಗರು, ಆಕಾಶದಲ್ಲಿ ನಿಮ್ಮ ವಿಮಾನ, ಏಟು ಬೀಳುವುದು ಯಾರಿಗೆ ಎಂದು ಯುರೋಪಿನವರು ಕೇಳಿದರು. ಅಮೆರಿಕ ಒಬ್ಬನೇ ಒಬ್ಬ ಕಾಲಾಳನ್ನೂ ಕಳಿಸಲು ಒಪ್ಪಿರಲಿಲ್ಲವಾದ್ದರಿಂದ ಆ ಪ್ರಶ್ನೆಗೆ ಕ್ರಿಸ್ಟೋಫರ್ ಬಳಿ ಉತ್ತರವಿರಲಿಲ್ಲ.

ನಾಲ್ಕನೆಯದು: ಕಂಡೂ ಕಾಣದಂತಿರಿ

ಕೊನೆಗೆ ನಿಜವಾಗಿ ನಡೆದದ್ದು ಹೆಚ್ಚಾಗಿ ಇದೇ.

ಸರಾಯೆವೊದಿಂದ ಶುರು ಮಾಡೋಣ. ನಗರದ ದೊಬ್ರಿನ್ಯಾ ಬಡಾವಣೆಗೂ ಸರ್ಕಾರದ ಹಿಡಿತದಲ್ಲಿದ್ದ ಬುತ್ಮಿರ್ ಹಳ್ಳಿಗೂ ನಡುವೆ ವಿಮಾನ ನಿಲ್ದಾಣದ ಓಡುದಾರಿ. ರಾತ್ರಿ ಅದನ್ನು ಓಡಿ ದಾಟಲು ಹೋದವರ ಮೇಲೆ ವಿಶ್ವಸಂಸ್ಥೆಯ ಸೈನಿಕರು ದೀಪ ಬಿಟ್ಟು ಹಿಂದಕ್ಕೆ ಅಟ್ಟುತ್ತಿದ್ದರು. ಅದೇ ಬೆಳಕಿನಲ್ಲಿ ಸರ್ಬ್ ಬಂದೂಕುಗಾರರಿಗೆ ಗುರಿ ಸಿಗುತ್ತಿತ್ತು. 1993ರಲ್ಲಿ ಎರಡೂ ತುದಿಯಿಂದ ಕೈಯಲ್ಲೇ ಅಗೆಯಲು ತೊಡಗಿದರು. ಗುದ್ದಲಿ, ಸಲಿಕೆ, ತಳ್ಳುಗಾಡಿ. ಹಣಕ್ಕೆ ಬೆಲೆಯಿಲ್ಲದ ಊರಿನಲ್ಲಿ ಅಗೆದವರಿಗೆ ಕೂಲಿ ಸಿಗರೇಟು. ಜುಲೈ ಕೊನೆಗೆ ಓಡುದಾರಿಯ ಕೆಳಗೆ ಸುಮಾರು 800 ಮೀಟರ್ ಸುರಂಗ ಸಿದ್ಧವಾಯಿತು. ಅಗಲ ಒಂದು ಮೀಟರಿನಷ್ಟು, ಎತ್ತರ ನೆಟ್ಟಗೆ ನಿಲ್ಲಲಾಗದಷ್ಟು. ಕಾಲ ಕೆಳಗೆ ನೀರು ಜಿನುಗುತ್ತಿತ್ತು. ಬರಬರುತ್ತ ಕಬ್ಬಿಣದ ಹಳಿ ಹಾಕಿ ಪುಟ್ಟ ಬಂಡಿಗಳನ್ನು ಓಡಿಸಿದರು, ಪಕ್ಕದ ಗೋಡೆಗುಂಟ ವಿದ್ಯುತ್ ತಂತಿ, ದೂರವಾಣಿ ತಂತಿ, ಇಂಧನದ ಕೊಳವೆ ಎಳೆದರು. ಬೆನ್ನು ಬಾಗಿಸಿ ನಡೆಯುವ ಮನುಷ್ಯ ಹೊರಬಲ್ಲಷ್ಟು ದೊಡ್ಡ ಆಯುಧ ಮಾತ್ರ ಈ ದಾರಿಯಲ್ಲಿ ಬರುತ್ತಿತ್ತು. ಬಂದೂಕು, ಮದ್ದು, ಕೈಬಾಂಬು, ಸಣ್ಣ ಮಾರ್ಟರ್. ಬೆಟ್ಟದ ಮೇಲಿನ ಫಿರಂಗಿಯನ್ನು ಸುಮ್ಮನಾಗಿಸುವ ಯಾವುದೂ ಅಲ್ಲ. ಈ ದಾರಿಯ ಶಕ್ತಿಯೂ ಮಿತಿಯೂ ಆ ಅಳತೆಯಲ್ಲೇ ಇದೆ: ನಗರ ಬೀಳದಂತೆ ಹಿಡಿದಿಟ್ಟಿತು, ಮುತ್ತಿಗೆಯನ್ನು ಮುರಿಯಲಿಲ್ಲ.

ಇನ್ನು ದೊಡ್ಡವರ ಆಟ. 1992ರ ಸೆಪ್ಟೆಂಬರಿನಲ್ಲಿ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ಗೆ ಬಂದಿಳಿದ ಇರಾನಿನ ವಿಮಾನವೊಂದರಲ್ಲಿ ಪರಿಹಾರ ಸಾಮಗ್ರಿಯ ಜೊತೆ ಆಯುಧ ಸಿಕ್ಕಿಬಿದ್ದು ಜಪ್ತಿಯಾಗಿತ್ತು. 1994ರ ಮಾರ್ಚ್ 18ರಂದು ವಾಷಿಂಗ್ಟನ್ನಿನಲ್ಲಿ ಬೋಸ್ನಿಯಾ ಸರ್ಕಾರಕ್ಕೂ ಕ್ರೊಯಾಟರಿಗೂ ರಾಜಿಯಾಯಿತು, ರಸ್ತೆ ತೆರೆಯಿತು. ಮರುತಿಂಗಳು ತುಜ್ಮಾನ್ ಅಮೆರಿಕದ ರಾಯಭಾರಿ ಪೀಟರ್ ಗಾಲ್‌ಬ್ರೇತ್ ಅವರನ್ನು ಕೇಳಿದರು: ಇರಾನಿನ ಆಯುಧಗಳನ್ನು ನಮ್ಮ ಮೂಲಕ ಬಿಟ್ಟರೆ ನಿಮ್ಮ ಸರ್ಕಾರ ಏನನ್ನುತ್ತದೆ? ವಾಷಿಂಗ್ಟನ್ನಿನಿಂದ ಬಂದ ಉತ್ತರವನ್ನು ರಾಯಭಾರಿ ತಲುಪಿಸಿದರು: ಈ ಬಗ್ಗೆ ನನಗೆ ಯಾವ ಸೂಚನೆಯೂ ಇಲ್ಲ. ಬೇಡ ಎನ್ನಲಿಲ್ಲವಾದ್ದರಿಂದ ಹೂಂ ಎಂದಂತಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಯುಧಗಳು ಬರತೊಡಗಿದವು, ಕ್ರೊಯೇಷಿಯಾ ದಾರಿಯಲ್ಲೇ ತನ್ನ ಪಾಲನ್ನು ಎತ್ತಿಟ್ಟುಕೊಂಡಿತು. ಆ ನವೆಂಬರಿನಲ್ಲಿ ಅಮೆರಿಕ ಏಡ್ರಿಯಾಟಿಕ್ ಸಮುದ್ರದಲ್ಲಿ ನಿರ್ಬಂಧ ಕಾಯುವ ಕೆಲಸದಿಂದಲೂ ಕೈತೊಳೆದುಕೊಂಡಿತು. ವಿಷಯ ಪತ್ರಿಕೆಗಳಲ್ಲಿ ಸ್ಫೋಟಿಸಿದ್ದು 1996ರಲ್ಲಿ, ಅಮೆರಿಕದ ಸಂಸತ್ತು ತನಿಖೆ ನಡೆಸಿತು.

ಈ ದಾರಿ ಫಲ ಕೊಟ್ಟಿತೇ? ಕೊಟ್ಟಿತು. 1995ರ ಶರತ್ಕಾಲದಲ್ಲಿ ಬೋಸ್ನಿಯಾ ಸರ್ಕಾರದ ಐದನೇ ದಳ ಬಿಹಾಚ್‌ನಿಂದ ಹೊರಟು ಮುನ್ನುಗ್ಗಿದ್ದು ಇಂಥ ಆಯುಧಗಳಿಲ್ಲದೆ ಸಾಧ್ಯವಿರಲಿಲ್ಲ. ಬೆಲೆ? ನಿರ್ಬಂಧವಿದೆ ಎಂದು ಜಗತ್ತು ನಟಿಸುತ್ತಿರುವಾಗ ಅದನ್ನು ಮುರಿಯುವ ಧೈರ್ಯ ಇರುವವನೇ ಮಿತ್ರನಾಗುತ್ತಾನೆ. ಇಲ್ಲಿ ಆ ಮಿತ್ರ ಇರಾನ್. ಅದರ ತರಬೇತುದಾರರು ಬಂದರು, ಬೇರೆ ಬೇರೆ ದೇಶಗಳಿಂದ ಜಿಹಾದಿ ಹೋರಾಟಗಾರರೂ ಬಂದು ಜೆನಿತ್ಸಾ ಸುತ್ತ ನೆಲೆಯೂರಿದರು. ಅವರನ್ನೆಲ್ಲ ಹೊರಗೆ ಕಳಿಸಬೇಕೆಂಬ ಷರತ್ತನ್ನು ಮುಂದೆ ಯುದ್ಧ ಮುಗಿಸಿದ ಡೇಟನ್ ಒಪ್ಪಂದದಲ್ಲಿ ಬರೆಯಬೇಕಾಯಿತು. ಬಾಗಿಲಲ್ಲಿ ಬಿಟ್ಟಿದ್ದರೆ ಯಾರು ಏನು ತರುತ್ತಾರೆಂದು ನೋಡಬಹುದಿತ್ತು. ಕಿಟಕಿಯಿಂದ ಬಂದವರನ್ನು ಯಾರೂ ಎಣಿಸಲಿಲ್ಲ.

ಐದನೆಯದು: ನಿರ್ಬಂಧ ಇರಲಿ, ಕಾಪಾಡುವ ಹೊಣೆ ನಮ್ಮದು

ಇದೇ ಅತ್ಯಂತ ಗೌರವಾನ್ವಿತವಾಗಿ ಕಾಣುವ ದಾರಿ. ಇದೇ ಅತಿ ಹೆಚ್ಚು ಜನರನ್ನು ಒಂದೇ ವಾರದಲ್ಲಿ ಬಲಿ ತೆಗೆದುಕೊಂಡದ್ದೂ.

1993ರ ಏಪ್ರಿಲ್ 16ರಂದು ಭದ್ರತಾ ಮಂಡಳಿ ಪೂರ್ವ ಬೋಸ್ನಿಯಾದ ಮುತ್ತಿಗೆಯ ಊರು ಸ್ರೆಬ್ರೆನಿತ್ಸಾವನ್ನು ಸುರಕ್ಷಿತ ವಲಯವೆಂದು ಸಾರಿತು. ಮೇ ತಿಂಗಳಲ್ಲಿ ಸರಾಯೆವೊ, ತುಜ್ಲಾ, ಜೆಪಾ, ಗೊರಾಜ್ದೆ, ಬಿಹಾಚ್ ಸೇರಿದವು. ಇವುಗಳನ್ನು ನಿಜವಾಗಿ ತಡೆಗಟ್ಟಿ ಕಾಯಲು ಸುಮಾರು 34,000 ಸೈನಿಕರು ಬೇಕು ಎಂದು ವಿಶ್ವಸಂಸ್ಥೆಯ ಸೈನಿಕ ಸಲಹೆಗಾರರ ಅಂದಾಜು. ಹಗುರ ಆಯ್ಕೆಯೂ ಒಂದಿದೆ, 7,600 ಜನ ಸಾಕು, ಸರ್ಬರು ಮಾತಿಗೆ ಬೆಲೆ ಕೊಟ್ಟರೆ ಎಂದೂ ಸೇರಿಸಲಾಗಿತ್ತು. ಮಂಡಳಿ ಆರಿಸಿದ್ದು 7,600ನ್ನು. ಆ 7,600 ಜನರೂ ತಿಂಗಳುಗಟ್ಟಲೆ ಬರಲಿಲ್ಲ.

ಸ್ರೆಬ್ರೆನಿತ್ಸಾದಲ್ಲಿ ಮೊದಲು ಮಾಡಿದ ಕೆಲಸ ನಿಶ್ಶಸ್ತ್ರೀಕರಣ. 1993ರ ಏಪ್ರಿಲಿನ ಒಪ್ಪಂದದಂತೆ ಒಳಗಿನ ಮುಸ್ಲಿಂ ಹೋರಾಟಗಾರರು ಭಾರೀ ಆಯುಧಗಳನ್ನು ವಿಶ್ವಸಂಸ್ಥೆಯ ಉಗ್ರಾಣಕ್ಕೆ ಒಪ್ಪಿಸಿದರು. ಎಲ್ಲವನ್ನೂ ಒಪ್ಪಿಸಲಿಲ್ಲ ಎಂಬುದು ನಿಜ. ಅವರ ಪಡೆಗಳು ಸುತ್ತಲಿನ ಸರ್ಬ್ ಹಳ್ಳಿಗಳ ಮೇಲೆ ದಾಳಿ ಮಾಡಿ ಕೊಂದದ್ದೂ ನಿಜ, 1993ರ ಜನವರಿಯ ಕ್ರಾವಿತ್ಸಾ ದಾಳಿಯನ್ನು ಅಲ್ಲಿನ ಸರ್ಬರು ಇಂದಿಗೂ ಮರೆತಿಲ್ಲ. ಆದರೂ ಟ್ಯಾಂಕುಗಳೆದುರು ಏನಾದರೂ ಲೆಕ್ಕಕ್ಕೆ ಬರುವಂಥವು ಬೀಗದೊಳಗೆ ಸೇರಿದವು.

1995ರ ಜುಲೈ 6ರಂದು ಮ್ಲಾದಿಚ್‌ನ ಸೇನೆ ಏರಿ ಬಂತು. ಆಗ ಅಲ್ಲಿದ್ದದ್ದು ನೆದರ್ಲೆಂಡ್ಸ್‌ನ ಒಂದು ಲಘು ತುಕಡಿ. ಇಂಧನ ಬರದಂತೆ, ರಜೆಗೆ ಹೋದವರು ಮರಳದಂತೆ ಸರ್ಬರು ತಿಂಗಳುಗಳಿಂದ ತಡೆದು ಅದನ್ನು ಸೊರಗಿಸಿದ್ದರು. ಊರಿನವರು ಬಂದು ಕೇಳಿದರು: ನಾವು ಒಪ್ಪಿಸಿದ ಆಯುಧಗಳನ್ನಾದರೂ ನಮಗೆ ಹಿಂದಿರುಗಿಸಿ. ಊರನ್ನು ಕಾಯುವುದು ವಿಶ್ವಸಂಸ್ಥೆಯ ಹೊಣೆ ಎಂದು ಆ ಬೇಡಿಕೆಯನ್ನು ನಿರಾಕರಿಸಲಾಯಿತು. ಜುಲೈ 11ರಂದು ಊರು ಬಿತ್ತು. ಅಂದು ನೇಟೊ ವಿಮಾನಗಳು ಒಂದೆರಡು ಬಾಂಬು ಹಾಕಿದವು, ಒತ್ತೆಯಾಳಾಗಿದ್ದ ಡಚ್ ಸೈನಿಕರನ್ನು ಕೊಲ್ಲುತ್ತೇವೆ ಎಂಬ ಬೆದರಿಕೆ ಬಂದೊಡನೆ ನಿಲ್ಲಿಸಿದವು. ಮುಂದಿನ ಕೆಲವು ದಿನಗಳಲ್ಲಿ ಸುಮಾರು 8,000 ಗಂಡಸರನ್ನು, ಹುಡುಗರನ್ನು ಕೊಂದರು. ಇದು ನರಮೇಧ ಎಂದು 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ತೀರ್ಪಿತ್ತಿತು.

ಬೀಗ ಹಾಕಿದ ಆ ಉಗ್ರಾಣದ ಮುಂದೆ ನಿಂತು ಯೋಚಿಸಿದರೆ ಇಡೀ ವಾದದ ಗಂಟು ಬಿಚ್ಚಿಕೊಳ್ಳುತ್ತದೆ. ಆಯುಧ ಹಿಂದಿರುಗಿಸಿದ್ದರೆ ಊರು ಉಳಿಯುತ್ತಿತ್ತೇ? ಬಹುಶಃ ಇಲ್ಲ. ಆದರೆ ಕೇಳಿದವನಿಗೆ ಕೊಟ್ಟ ಉತ್ತರ "ನಾವಿದ್ದೇವೆ" ಎಂಬುದು, ಆ ಉತ್ತರದ ಹಿಂದೆ ಏನೂ ಇರಲಿಲ್ಲ.

1999ರಲ್ಲಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಹೆಸರಿನಲ್ಲಿ ಬಂದ ವಿಶ್ವಸಂಸ್ಥೆಯದೇ ವರದಿ ಇದನ್ನು ಒಪ್ಪಿಕೊಂಡಿತು. ನಿರ್ಬಂಧ ಇದ್ದ ಬಲಾಬಲವನ್ನು ಹಾಗೇ ಹೆಪ್ಪುಗಟ್ಟಿಸಿತು, ಬೋಸ್ನಿಯಾದ ಆತ್ಮರಕ್ಷಣೆಯ ಹಕ್ಕನ್ನು ಕಸಿದುಕೊಂಡಂತಾಯಿತು, ನಿರ್ಬಂಧ ಹೇರಿದ್ದು ತಪ್ಪಲ್ಲದಿರಬಹುದು, ಆದರೆ ಹೇರಿದ ಮೇಲೆ ಆ ದೇಶವನ್ನು ರಕ್ಷಿಸುವ ಕರ್ತವ್ಯ ಅದರ ಬೆನ್ನಿಗೇ ಬರುತ್ತದೆ ಎಂಬುದು ಅದರ ಸಾರ. ಅಧಿಕೃತ ವರದಿಗಳಲ್ಲಿ ಇಷ್ಟು ನೇರ ಮಾತು ಅಪರೂಪ.

ಯಾವಾಗ ಯಾವುದು

ಕಾಲಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ ಎಂಬುದನ್ನು ಈ ಚರ್ಚೆಯಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ನನ್ನ ಆಯ್ಕೆಗಳು ಹೀಗಿವೆ.

1992ರ ಮೇ ತಿಂಗಳಲ್ಲಿ ಎರಡನೆಯ ದಾರಿ. ಶಾಂತಿಪಡೆ ಇನ್ನೂ ಬೋಸ್ನಿಯಾದಲ್ಲಿ ಬೇರು ಬಿಟ್ಟಿರಲಿಲ್ಲ, ಆದ್ದರಿಂದ ಅದರ ಸುರಕ್ಷತೆಯ ವಾದ ಹುಟ್ಟಿರಲಿಲ್ಲ. ರಸ್ತೆ ತೆರೆದಿತ್ತು. ಆ ತಿಂಗಳ ಕೊನೆಗೆ ಭದ್ರತಾ ಮಂಡಳಿ 757ನೇ ನಿರ್ಣಯದಲ್ಲಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಸರ್ಕಾರದ ಮೇಲೆ ಆರ್ಥಿಕ ನಿರ್ಬಂಧ ಹೇರಿತು, ಅಂದರೆ ದಾಳಿಯ ಹಿಂದಿರುವವರು ಯಾರೆಂದು ಅದಕ್ಕೆ ಗೊತ್ತಿತ್ತು. ಅದೇ ನಿರ್ಣಯದಲ್ಲಿ ಇನ್ನೊಂದು ವಾಕ್ಯ ಸೇರಿಸಬಹುದಿತ್ತು.

1993ರಲ್ಲಿ ಮೊದಲು ಬೇಕಾದದ್ದು ಆಯುಧಕ್ಕಿಂತ ಕ್ರೊಯಾಟರೊಡನೆ ರಾಜಿ. ಒಂದು ವರ್ಷ ತಡವಾಗಿ ವಾಷಿಂಗ್ಟನ್ನಿನಲ್ಲಿ ಆದದ್ದು ಅದೇ. ಅಲ್ಲಿಯವರೆಗೆ ಐದನೆಯ ದಾರಿಯೇ ಸರಿ, 34,000 ಸೈನಿಕರು ಸಿಗುವುದಾದರೆ. 7,600 ಮಾತ್ರ ಸಿಗುವುದಾದರೆ ಆ ದಾರಿಯ ಹೆಸರೆತ್ತಬಾರದಿತ್ತು, ಜನರ ಆಯುಧಗಳನ್ನಂತೂ ಮುಟ್ಟಲೇಬಾರದಿತ್ತು.

1995ರ ಬೇಸಿಗೆಯಲ್ಲಿ ಅಮೆರಿಕದ ಸಂಸತ್ತು ತಾಳ್ಮೆ ಕಳೆದುಕೊಂಡು ನಿರ್ಬಂಧ ತೆಗೆಯುವ ಮಸೂದೆಯನ್ನು ಸೆನೆಟ್‌ನಲ್ಲಿ 69-29, ಕೆಳಮನೆಯಲ್ಲಿ 298-128 ಮತಗಳಿಂದ ಅಂಗೀಕರಿಸಿತು. ಆಗಸ್ಟ್ 11ರಂದು ಕ್ಲಿಂಟನ್ ವಿಟೊ ಹಾಕಿದರು. ಎರಡು ವರ್ಷ ಹಿಂದೆ ತಾವೇ ಮಂಡಳಿಯಲ್ಲಿ ಕೇಳಿದ್ದನ್ನು ಈಗ ತಾವೇ ತಡೆದರು ಎಂದು ನಗಬಹುದು, ಆದರೆ ಈ ಹೊತ್ತಿಗೆ ಅವರ ಲೆಕ್ಕ ಸರಿಯಿತ್ತು. ನಿರ್ಬಂಧ ತೆಗೆದರೆ ಶಾಂತಿಪಡೆ ಹೊರಡಬೇಕು, ಅದನ್ನು ಸುರಕ್ಷಿತವಾಗಿ ಹೊರತರಲು ನೇಟೊ ಯೋಜನೆಯಂತೆ ಸುಮಾರು 20,000 ಅಮೆರಿಕನ್ ಸೈನಿಕರು ಹೋಗಬೇಕು. ಸೋಲಿನ ಮೆರವಣಿಗೆಗೆ ಕಳಿಸುವಷ್ಟು ಜನರನ್ನು ಕಾಪಾಡಲು ಯಾಕೆ ಕಳಿಸಬಾರದು ಎಂಬ ಪ್ರಶ್ನೆ ಆಗ ತಡೆಯಲಾಗದಂತೆ ಎದುರು ನಿಂತಿತು. ಆಗಸ್ಟ್ 28ರಂದು ಸರಾಯೆವೊದ ಮಾರ್ಕಾಲೆ ಮಾರುಕಟ್ಟೆಯ ಮೇಲೆ ಶೆಲ್ ಬಿದ್ದು ಹತ್ತಾರು ಜನ ಸತ್ತರು, 30ರಿಂದ ನೇಟೊ ವಿಮಾನಗಳು ಮೂರು ವಾರ ಸರ್ಬ್ ನೆಲೆಗಳ ಮೇಲೆ ದಾಳಿ ಮಾಡಿದವು. ಕೆಳಗೆ ಕ್ರೊಯೇಷಿಯಾದ ಸೇನೆಯೂ ಬೋಸ್ನಿಯಾದ ಸೇನೆಯೂ ಮುನ್ನುಗ್ಗಿದವು. ದೇಶದ ಸುಮಾರು 70 ಶೇಕಡಾ ಹಿಡಿದಿದ್ದ ಸರ್ಬ್ ಪಡೆ ಅರ್ಧಕ್ಕೆ ಕುಗ್ಗಿತು. ನವೆಂಬರ್ 21ರಂದು ಡೇಟನ್‌ನಲ್ಲಿ ಒಪ್ಪಂದವಾಯಿತು. ಮೂರನೆಯ ಮತ್ತು ನಾಲ್ಕನೆಯ ದಾರಿಗಳ ಕಲಸುಮೇಲೋಗರ ಅದು, ಸುಮಾರು ಒಂದು ಲಕ್ಷ ಜನ ಸತ್ತ ಮೇಲೆ.

ನಿರ್ಬಂಧವನ್ನು ಅಧಿಕೃತವಾಗಿ ಸಡಿಲಿಸಿದ 1021ನೇ ನಿರ್ಣಯ ಬಂದದ್ದು ಮರುದಿನ, ನವೆಂಬರ್ 22ರಂದು.

ಇನ್ನೊಂದು ದಾರಿಗೆ ಯುದ್ಧಕಾಲದ ಚರ್ಚೆಗಳಲ್ಲಿ ಹೆಚ್ಚು ಗಮನ ಸಿಗಲಿಲ್ಲ: ದುರ್ಬಲನ ಕೈಗೆ ಕೊಡುವುದು ಕಷ್ಟವಾದರೆ ಬಲಿಷ್ಠನ ಕೈಯಿಂದ ತೆಗೆಯುವುದು. 1994ರ ಫೆಬ್ರವರಿಯಲ್ಲಿ ಸರಾಯೆವೊ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಿಂದ ಭಾರೀ ಫಿರಂಗಿಗಳನ್ನು ಹಿಂತೆಗೆಯಬೇಕೆಂದು ನೇಟೊ ಗಡುವು ಕೊಟ್ಟಾಗ ಅದು ತಿಂಗಳುಗಟ್ಟಲೆ ಕೆಲಸ ಮಾಡಿತು, ನಗರದಲ್ಲಿ ಟ್ರಾಮ್ ಮತ್ತೆ ಓಡಿತು. 1995ರ ಮೇ ತಿಂಗಳಲ್ಲಿ ಸರ್ಬರು ಆ ಫಿರಂಗಿಗಳನ್ನು ವಿಶ್ವಸಂಸ್ಥೆಯ ಕಾವಲಿನಿಂದ ಎತ್ತಿಕೊಂಡು ಹೋದರು, ಅದಕ್ಕೆ ನೇಟೊ ಬಾಂಬು ಹಾಕಿದಾಗ ನೂರಾರು ಶಾಂತಿಪಾಲಕರನ್ನು ಒತ್ತೆ ಇಟ್ಟುಕೊಂಡರು, ಕೆಲವರನ್ನು ಗುರಿಯಾಗಬಹುದಾದ ಜಾಗಗಳಲ್ಲಿ ಸರಪಳಿಯಿಂದ ಬಿಗಿದರು. ಯುದ್ಧ ಮುಗಿದ ಮೇಲೆ, 1996ರ ಜೂನ್‌ನಲ್ಲಿ ಫ್ಲಾರೆನ್ಸ್ ನಗರದಲ್ಲಿ ಅದೇ ವಿಚಾರ ಲಿಖಿತ ಒಪ್ಪಂದವಾಯಿತು. ಟ್ಯಾಂಕು, ಫಿರಂಗಿ, ಶಸ್ತ್ರಸಜ್ಜಿತ ವಾಹನ, ಯುದ್ಧವಿಮಾನ, ದಾಳಿ ಹೆಲಿಕಾಪ್ಟರುಗಳ ಮಿತಿಯನ್ನು ಯುಗೊಸ್ಲಾವಿಯಕ್ಕೆ (ಆಗ ಆ ಹೆಸರಿನಲ್ಲಿ ಉಳಿದದ್ದು ಸರ್ಬಿಯಾ-ಮಾಂಟೆನೆಗ್ರೊ) ಐದು, ಕ್ರೊಯೇಷಿಯಾಕ್ಕೆ ಎರಡು, ಬೋಸ್ನಿಯಾಕ್ಕೆ ಎರಡು ಎಂಬ ಪ್ರಮಾಣದಲ್ಲಿ ಕಟ್ಟಿದರು. ಬೋಸ್ನಿಯಾದ ಪಾಲಿನೊಳಗೆ ವಾಷಿಂಗ್ಟನ್ ರಾಜಿಯಿಂದ ಹುಟ್ಟಿದ ಮುಸ್ಲಿಂ-ಕ್ರೊಯಾಟ್ ಒಕ್ಕೂಟಕ್ಕೆ ಎರಡು, ಸರ್ಬ್ ಗಣರಾಜ್ಯಕ್ಕೆ ಒಂದು. ಹೆಚ್ಚಾದ ಸಾವಿರಾರು ಆಯುಧಗಳನ್ನು ತಪಾಸಣೆಗಾರರ ಎದುರಿನಲ್ಲೇ ಕತ್ತರಿಸಿ ಗುಜರಿ ಮಾಡಿದರು. ನಿರ್ಬಂಧದ ಕರಡು ಮುಂದೊಮ್ಮೆ ಎಲ್ಲಿಯಾದರೂ ಮೇಜಿಗೆ ಬಂದರೆ ನಾನು ಮೊದಲು ಹುಡುಕುವುದು ಇಂಥ ಅಂಕಿಗಳ ಸಾಲನ್ನು, ಆಮೇಲೆ ಅದನ್ನು ಜಾರಿ ಮಾಡಲು ಎಷ್ಟು ಸೈನಿಕರು, ಯಾವ ದೇಶದವರು ಎಂದು ಬರೆದ ಸಾಲನ್ನು.